ಆಳಿಗೊಂದು ಏಟು

ರುಕ್ಮಿಣಿಬಾಯಿಯ ಕೈ ಜೋರು ಎಂಬುದು ಮುಂಬಯಿಯ ಅಂಧೇರಿಯ ಆ ಸೈಟಿನಲ್ಲಿ ಕೆಲಸಕ್ಕಿದ್ದ ಎಲ್ಲರಿಗೂ ಗೊತ್ತಿತ್ತು. ಉಸುಕು ತರುತ್ತಿದ್ದ ಟ್ರಕ್ಕಿನ ಡ್ರೈವರನೊಬ್ಬ ಒಮ್ಮೆ ಹಾದುಹೋಗುವ ನೆಪದಲ್ಲಿ ಅವಳ ಸೊಂಟ ಚಿವುಟಿದ್ದ. ಅವಳು ತಲೆಯ ಮೇಲಿದ್ದ ಕಬ್ಬಿಣದ ಬುಟ್ಟಿಯನ್ನು, ಒಳಗಿದ್ದ ಜಲ್ಲಿಯ ಸಮೇತ, ಅವನ ಮೋರೆಗೆ ಬೀಸಿದ್ದಳು. ಮೂಗು ಮುರಿದು ಅವನ ಬಾಯಿ ತುಂಬ ರಕ್ತವಾಗಿತ್ತು. ಬಿಡಿಸಲು ಬಂದ ಹೆಂಗಸರಿಗೂ ನಾಲ್ಕು ಬಿದ್ದಿದ್ದವು. ಹಾಗಾಗಿ ಮುಂದೆ ಆ ಭಾನುವಾರದ ಸುದ್ದಿ ಕೇಳಿದ ಹೊರಗಿನ ಜನ ‘ಪಾಪ, ಮೆತ್ತನೆ ಮನಸ್ಸಿನ ಹೆಂಗಸು’ ಎಂದಾಗ ಅವಳನ್ನು ಬಲ್ಲವರು ನಕ್ಕುಬಿಡುತ್ತಿದ್ದರು. ಅವಳಿಗಂತೂ ಆ ಮಾತು ಬೈಗುಳದ ಹಾಗೆ ಕೇಳುತ್ತಿತ್ತು.

ಸೈಟು ಅಂದರೆ ಹಳೆಯ ಸೊಸೈಟಿಯೊಂದನ್ನು ಕೆಡವಿ ಎಬ್ಬಿಸುತ್ತಿದ್ದ ದೊಡ್ಡ ಬಿಲ್ಡಿಂಗು. ಹಿಂಬದಿಯ ಕಂಪೌಂಡಿಗೆ ಒತ್ತಿಕೊಂಡು ತಗಡಿನ ಶೆಡ್ಡುಗಳು. ಅಲ್ಲಿದ್ದವರೆಲ್ಲ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು; ಕೂಲಿಯಾಳುಗಳ ಮುಕಾದಮ, ಶ್ರೀಮಂತ ಎಂಬವನು, ಊರೂರು ತಿರುಗಿ ಕರೆತಂದವರು. ಕೆಲಸ ಹಂಚುವವನು ಅವನು, ಜಗಳ ಬಿಡಿಸುವವನು ಅವನು, ಜ್ವರ ಬಂದರೆ ಗುಳಿಗೆ ತರುವವನೂ ಅವನೇ. ಹಿಂದಿನ ವರ್ಷ ರುಕ್ಮಿಣಿಬಾಯಿ ಕಾಮಾಲೆಯಾಗಿ ಪ್ರಜ್ಞೆ ತಪ್ಪಿದಾಗ ಅವಳನ್ನು ಬೆನ್ನ ಮೇಲೆ ಹೊತ್ತುಕೊಂಡು ಟ್ರಾಫಿಕ್ಕಿನ ನಡುವೆ ಆಸ್ಪತ್ರೆಗೆ ಓಡಿದವನು ಶ್ರೀಮಂತ. ಅವಳ ಗಂಡ ಗುರುಪಾದ ಅಂದು ಚಪ್ಪಲಿ ಹುಡುಕುತ್ತ ಶೆಡ್ಡಿನಲ್ಲೇ ಉಳಿದಿದ್ದ. ಗುರುಪಾದ ಕೆಟ್ಟವನಲ್ಲ. ಕಬ್ಬಿಣದ ಸರಳು ಬಗ್ಗಿಸುವ ಕೆಲಸ ಅವನದು. ಮಾತು ಕಡಿಮೆ, ಕುಡಿತವಿಲ್ಲ, ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಏನು ಮಾಡಬೇಕೆಂದು ಯಾರಾದರೂ ಹೇಳಲಿ ಎಂದು ಕಾಯುವುದು ಮಾತ್ರ ಅವನ ಸ್ವಭಾವವಾಗಿತ್ತು.

ಆ ಬೇಸಿಗೆಯಲ್ಲಿ ಶೆಡ್ಡಿನಿಂದ ಮೊಬೈಲುಗಳು ಕಳುವಾಗತೊಡಗಿದವು. ಚಾರ್ಜಿಗೆ ಹಾಕಿ ಕೆಲಸಕ್ಕೆ ಹೋದರೆ ಸಂಜೆ ಬರುವಷ್ಟರಲ್ಲಿ ವೈರು ಮಾತ್ರ ನೇತಾಡುತ್ತಿರುತ್ತಿತ್ತು. ರುಕ್ಮಿಣಿಬಾಯಿಯ ಫೋನೂ ಹೋಯಿತು. ಅವಳ ಒಬ್ಬಳೇ ಮಗಳು ಶೈಲಾ ಊರಿನಲ್ಲಿ ತುಂಬು ಬಸುರಿ. ಮಗಳ ದನಿ ಕೇಳಬೇಕೆಂದರೆ ಇನ್ನೊಬ್ಬರ ಫೋನಿಗೆ ಗೋಗರೆಯಬೇಕಾಗಿ ಬಂದದ್ದು ಅವಳ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತ್ತು. ಕಳ್ಳ ಕೈಗೆ ಸಿಕ್ಕರೆ ಏನು ಮಾಡುತ್ತೇನೆಂದು ಅವಳು ದಿನವೂ ಪಾತ್ರೆ ತಿಕ್ಕುತ್ತ ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಿದ್ದಳು.

ಸಿಕ್ಕ. ಅವಳಿಗೇ ಸಿಕ್ಕ.

ಭಾನುವಾರ ಮಧ್ಯಾಹ್ನ. ಗಂಡಸರೆಲ್ಲ ಹೊಸ ಬಿಲ್ಡಿಂಗಿನ ನೆರಳಿನಲ್ಲಿ ಇಸ್ಪೀಟು ಹಾಕಿಕೊಂಡು ಕೂತಿದ್ದರು. ಬಟ್ಟೆ ಒಗೆದು ಹಿಂದಿರುಗುತ್ತಿದ್ದ ರುಕ್ಮಿಣಿಬಾಯಿಗೆ ಶೆಡ್ಡಿನ ಹಿಂದಿನ ತಗಡು ಅಲುಗಾಡಿದ್ದು ಕಂಡಿತು. ತಗಡಿನ ಸಂದಿನಿಂದ ಮೊದಲು ಒಂದು ಕೈ ಬಂತು, ಆಮೇಲೆ ತಲೆ. ಅವಳು ಬಕೆಟ್ಟು ಬಿಟ್ಟು ಓಡಿ, ಆ ತಲೆಯ ಕೂದಲನ್ನೇ ಮುಷ್ಟಿಯಲ್ಲಿ ಹಿಡಿದು ಎಳೆದಳು. ಮೂವತ್ತರ ಆಸುಪಾಸಿನ ಬಡಕಲು ಮನುಷ್ಯ. ಮಾಸಿದ ಫುಟ್‌ಬಾಲ್ ಬನಿಯನ್ನು. ಎಳೆದ ರಭಸಕ್ಕೆ ತಗಡಿನ ಅಂಚು ಅವನ ಹೊಟ್ಟೆಯನ್ನು ಉದ್ದಕ್ಕೆ ಗೀರಿತು. ನೆಲಕ್ಕೆ ಬಿದ್ದವನ ಸೊಂಟದಿಂದ ಮೊಬೈಲುಗಳು ಉರುಳಿದವು. ಅವುಗಳಲ್ಲಿ ಅವಳದಿರಲಿಲ್ಲ.

“ಮೇರಾ ಫೋನ್ ಕಿಧರ್ ಹೈ ರೇ?” ಅವಳು ಅವನ ಬೆನ್ನ ಮೇಲೆ ಮಂಡಿಯೂರಿ ಕೂಗಿದಳು.

“ಬೇಚ್ ದಿಯಾ,” ಮಾರಿಬಿಟ್ಟೆ, ಎಂದ. ಅವಳ ತಾಯಿಯನ್ನು ಸೇರಿಸಿ ಒಂದು ಬೈಗುಳ ಬಿಟ್ಟು, ತಿರುಗಿ ಅವಳ ಮುಖಕ್ಕೆ ಉಗಿದ.

ಆಮೇಲೆ ಅವಳು ಹೊಡೆದದ್ದು ಲೆಕ್ಕವಿಲ್ಲ. ಅಂಗೈ ಉರಿಯುವವರೆಗೆ ಹೊಡೆದಳು. ಅವನ ತುಟಿ ಒಡೆಯಿತು, ಕಿವಿಯ ರಿಂಗು ಕಿತ್ತುಬಂತು. ಇಸ್ಪೀಟು ಬಿಟ್ಟು ಗಂಡಸರು ಓಡಿಬಂದಾಗ ಅವಳು ಏದುಸಿರು ಬಿಡುತ್ತ ಎದ್ದುನಿಂತಳು. ಡ್ರಮ್ಮಿನ ಬಳಿ ಹೋಗಿ ಚೊಂಬು ನೀರು ಕುಡಿದಳು, ಇನ್ನೊಂದು ಚೊಂಬಿನಿಂದ ಮುಖದ ಮೇಲಿನ ಉಗುಳನ್ನು ತೊಳೆದುಕೊಂಡಳು. ತಣ್ಣಗಾಯಿತು.

“ಸಾಕು, ಪೊಲೀಸರಿಗೆ ಕೊಡ್ರಿ ಅವನ್ನ,” ಎಂದು ಹೇಳಿ ಚೆಲ್ಲಿದ ಬಟ್ಟೆಗಳನ್ನು ಎತ್ತಿಕೊಳ್ಳಲು ಹೋದಳು. ಅವಳ ಮಟ್ಟಿಗೆ ಅದು ಅಲ್ಲಿಗೆ ಮುಗಿದಿತ್ತು.

ಬಟ್ಟೆ ಮತ್ತೆ ಜಾಲಿಸಿ, ಹಿಂಡಿ, ಹಗ್ಗಕ್ಕೆ ಹಾಕುವವರೆಗೂ ಅವಳಿಗೆ ಹಿಂದಿನಿಂದ ಬರುತ್ತಿದ್ದ ಗದ್ದಲ ಕೇಳುತ್ತಲೇ ಇತ್ತು. ಮೊದಲು ಬೈಗುಳ, ನಗು, ಕೇಕೆ. ನಡುವೆ ವಿಮಾನವೊಂದು ತೀರ ಕೆಳಗೆ ಹಾದುಹೋಗಿ ಎಲ್ಲವನ್ನೂ ಮುಳುಗಿಸಿತು. ಅದರ ಸದ್ದು ಅಡಗಿದಾಗ ಒಬ್ಬನ ಕಿರುಚಾಟ ಮಾತ್ರ ಉಳಿದಿತ್ತು. ಅದು ಜಗಳದ ಕಿರುಚಾಟವಲ್ಲ ಎಂದು ಅವಳಿಗೆ ತಿಳಿಯಿತು. ನಂತರ ಅದೂ ನಿಂತಿತು. ಓಣಿಯ ತುದಿಯಿಂದ ಪಕ್ಕದ ಶೆಡ್ಡಿನ ಗುರುಬಾಯಿ ಓಡುತ್ತ ಬಂದಳು.

“ರುಕ್ಮಿಣಕ್ಕಾ, ಬಾ. ಮುಕಾದಮ ಎಲ್ಲಾರನ್ನೂ ಕರೀಲಾಕತ್ತಾನ. ಹೆಂಗಸರೂ ಬರಬೇಕಂತ.”

“ಯಾಕಂತ?”

ಗುರುಬಾಯಿ ಅವಳ ಮುಂಗೈ ಹಿಡಿದು ಎಳೆದುಕೊಂಡು ನಡೆದಳು.

ಬಿಲ್ಡಿಂಗಿನ ಕೆಳಗೆ, ಮುಂದೆ ಕಾರು ನಿಲ್ಲಿಸಲೆಂದು ಬಿಟ್ಟಿದ್ದ ಜಾಗದಲ್ಲಿ, ಕಾಂಕ್ರೀಟು ಕಂಬವೊಂದಕ್ಕೆ ಅವನನ್ನು ಕಟ್ಟಿದ್ದರು. ಸರಳುಗಳನ್ನು ಬಿಗಿಯುವ ಸಣ್ಣ ತಂತಿಯಿಂದ ಕಟ್ಟಿದ್ದರಿಂದ ಮಣಿಕಟ್ಟು ಕೊಯ್ದು ಕೈಗಳು ಕಪ್ಪಗೆ ಊದಿದ್ದವು. ಒಂದು ಮಂಡಿ ಬಗ್ಗಬಾರದ ದಿಕ್ಕಿಗೆ ಬಗ್ಗಿತ್ತು. ಎಡಗಣ್ಣಿದ್ದ ಕಡೆ ಮಾಂಸದ ಮುದ್ದೆ. ಬಾಯಿಂದ ನೊರೆ ಬೆರೆತ ರಕ್ತ ಎದೆಯ ಮೇಲೆ ಇಳಿದು, ಬನಿಯನ್ನಿನ ನಂಬರು ಕಾಣದಂತಾಗಿತ್ತು. ಎದೆ ಏರುತ್ತಿತ್ತು, ಇಳಿಯುತ್ತಿತ್ತು, ಅಷ್ಟೇ. ಎದುರಿಗೆ ಶ್ರೀಮಂತ ನಿಂತಿದ್ದ. ಅವನ ಅಂಗಿ ಬೆವರಿಗೆ ಅಂಟಿತ್ತು. ಕೈಯಲ್ಲಿ ದಪ್ಪ ರಬ್ಬರ್ ಪೈಪಿನ ತುಂಡು. ಕಾಲ ಬಳಿ ಬಿದ್ದಿದ್ದ ಸರಳಿನ ತುದಿಗೆ ಕೂದಲು ಅಂಟಿತ್ತು. ಮೊದಮೊದಲು ಅದರಿಂದಲೇ ಹೊಡೆದಿದ್ದ.

ಗೇಟು ಹಾಕಿಸಿದ್ದ. ವಾಚ್‌ಮನ್ ಅತ್ತ ಮುಖ ಮಾಡಿ ನಿಂತಿದ್ದ.

ಶ್ರೀಮಂತನ ಸಿಟ್ಟು ಆಗಲೇ ಇಳಿದು, ಆ ಜಾಗಕ್ಕೆ ಹೆದರಿಕೆ ಬಂದಿತ್ತು. ಅದನ್ನು ಅವನ ಕಣ್ಣಿನಲ್ಲೇ ನೋಡಬಹುದಿತ್ತು. ಆದರೆ ದನಿ ಮಾತ್ರ ಎಂದಿನ ದನಿ, ಬೆಳಗ್ಗೆ ಕೆಲಸ ಹಂಚುವ ದನಿ.

“ಕೇಳ್ರಿ ಎಲ್ಲಾರೂ. ಇಂವ ಉಳದ್ರೂ ಪೊಲೀಸರು ಬರ್ತಾರ, ಸತ್ರೂ ಬರ್ತಾರ. ಯಾರು ಹೊಡದ್ರು ಅಂತ ಕೇಳ್ತಾರ. ಅವಾಗ ಒಬ್ಬರ ಹೆಸರು ಬರಬಾರದು. ಎಲ್ಲಾರೂ ಹೊಡದೀವಿ ಅಂದ್ರ ಯಾರೂ ಹೊಡದಂಗಲ್ಲ. ಅದಕ್ಕ ಆಳಿಗೊಂದು ಏಟು. ಗಂಡಸು ಹೆಂಗಸು ಅನ್ನಂಗಿಲ್ಲ. ಇದೇ ಊರಿನ ಅನ್ನ ಉಂಡೀವಿ, ಒಂದ ಶೆಡ್ಡಿನ್ಯಾಗ ಮಲಗೀವಿ. ಬರ್ರಿ, ಸಾಲಾಗಿ ನಿಂದರ್ರಿ.”

ಸಾಲಾಗಿ ನಿಂತರು. ಯಾರೂ ಯಾರನ್ನೂ ತಳ್ಳಲಿಲ್ಲ. ಸಂಬಳದ ದಿನ ನಿಲ್ಲುವ ಹಾಗೆ ತಾವಾಗಿಯೇ ಒಬ್ಬರ ಹಿಂದೊಬ್ಬರು ಬಂದು ನಿಂತರು.

ಮೊದಲು ಸಾಯಬಣ್ಣ. ಅವನ ಮೊಬೈಲು ಇವತ್ತು ಮರಳಿ ಸಿಕ್ಕಿತ್ತು. ಅವನು ಹಲ್ಲು ಕಚ್ಚಿ ಬೀಸಿದ. ಪೈಪು ಪಕ್ಕೆಗೆ ಬಿದ್ದಾಗ ಒದ್ದೆ ಗೋಣಿಚೀಲ ಎತ್ತಿ ಹಾಕಿದಂಥ ಸದ್ದು ಬಂತು. ಹಿಂದೆ ಬಂದವರೂ ಹೊಡೆದರು. ಕೆಲವರು ನಿಜಕ್ಕೂ ರೋಷದಿಂದ ಹೊಡೆದರು. ಹಲವರು ಮುಖ ಪಕ್ಕಕ್ಕೆ ತಿರುಗಿಸಿ, ನೀರಿಗೆ ಕೋಲು ಬಡಿದ ಹಾಗೆ ಬಡಿದು, ಪೈಪನ್ನು ಮುಂದಿನವರಿಗೆ ದಾಟಿಸಿದರು. ಹೊಡೆದವರು ಎದುರಿನ ಗೋಡೆಯ ಬಳಿ ಹೋಗಿ ಗುಂಪಾಗಿ ನಿಂತರು. ಅಲ್ಲಿ ನಿಂತ ಮೇಲೆ ಅವರ ಮುಖ ಸಡಿಲಾಗುತ್ತಿತ್ತು. ಇನ್ನೂ ಹೊಡೆಯದವರನ್ನು ಅವರು ನೋಡುತ್ತಿದ್ದ ರೀತಿಯೇ ಬೇರೆಯಾಗುತ್ತಿತ್ತು.

ಗುರುಪಾದ ಮೆಲ್ಲಗೆ ಹೊಡೆದ.

“ಇದೇನಲೇ, ಮದ್ವಿ ಹೆಣ್ಣಿಗೆ ಅರಿಶಿನ ಹಚ್ಚಲಾಕತ್ತೀಯೇನು? ಇನ್ನೊಂದು ಹೊಡಿ, ಜೋರ್ಲೆ,” ಎಂದ ಶ್ರೀಮಂತ.

ಗೋಡೆಯ ಬಳಿಯವರು ನಕ್ಕರು. ಗುರುಪಾದ ಎರಡನೆಯದನ್ನು ಎರಡೂ ಕೈಯಿಂದ ಹೊಡೆದ. ಕಂಬಕ್ಕೆ ಕಟ್ಟಿದವನ ತಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲಿತು. ರುಕ್ಮಿಣಿಬಾಯಿ ತನ್ನ ಗಂಡನ ಮುಖ ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ, ದುಃಖವಿರಲಿಲ್ಲ. ಸರಳು ಸರಿಯಾಗಿ ಬಗ್ಗಿತೋ ಇಲ್ಲವೋ ಎಂದು ನೋಡುವಾಗ ಇರುತ್ತಿದ್ದ ಮುಖವೇ ಅದು.

ಪೈಪು ಅವಳ ಕೈಗೆ ಬಂತು. ಹಿಡಿ ಬೆವರಿನಿಂದ ಜಾರುತ್ತಿತ್ತು.

“ಹೊಡಿಯಕ್ಕಾ,” ಎಂದ ಶ್ರೀಮಂತ. “ಹಿಡದಾಕಿ ನೀನೇ ಅಲಾ? ನಿನಗ ಹೇಳಬೇಕೇನು?”

“ನಾ ಅವಾಗ್ಲೇ ಹೊಡದೀನಿ.”

“ಅದು ಬ್ಯಾರೆ. ಈಗ ಎಲ್ಲಾರ ಮುಂದ ಹೊಡಿ.”

“ಬ್ಯಾರೆ ಅಂತ ನಿನಗೂ ಗೊತ್ತೈತಲ್ಲ,” ಎಂದಳು ಅವಳು. “ನನಗ ಸಿಟ್ಟು ಬಂದಿತ್ತು, ಹೊಡದೆ. ಈಗ ಸಿಟ್ಟಿಲ್ಲ. ಹೊಡಿಯಂಗಿಲ್ಲ.”

ಸಾಲು ಅಲುಗಾಡಿತು. ಗೋಡೆಯ ಕಡೆಯಿಂದ ಯಾರೋ “ಏ, ಒಂದು ತಾಗಿಸಿ ಕೊಡಬೇ, ಮುಗೀಲಿ,” ಎಂದರು. ಇನ್ನೊಬ್ಬರು, “ದೊಡ್ಡ ಸಾಧ್ವಿ ಆಗ್ಯಾಳ ನೋಡು,” ಎಂದರು. ಗುರುಬಾಯಿ ಹಿಂದಿನಿಂದ ಸೆರಗು ಜಗ್ಗಿ, “ಕಾಲಿಗೆ ಮುಟ್ಟಿಸಕ್ಕಾ. ಸುಮ್ಮ ಮುಟ್ಟಿಸು. ನಾನೂ ಹಂಗ ಮಾಡ್ತೀನಿ,” ಎಂದು ಪಿಸುಗುಟ್ಟಿದಳು. ಗುರುಪಾದ ಗೋಡೆ ಬಿಟ್ಟು ಬಂದು ಅವಳ ಮುಂದೆ ನಿಂತ.

“ಏ ಶೈಲಾನವ್ವ, ಹಟ ಮಾಡಬ್ಯಾಡ. ಎಲ್ಲಾರೂ ಹೊಡದಾರ. ನಾವು ನಾಳೆ ಇಲ್ಲೇ ಇರಬೇಕು.”

“ನೀವು ದೂರ ನಿಂದರ್ರಿ,” ಎಂದಳು ಅವಳು. ಅವನು ಸರಿದು ನಿಂತ.

ಶ್ರೀಮಂತ ಹತ್ತಿರ ಬಂದ. ಅವನ ದನಿ ಇಳಿದಿತ್ತು, ಬೇಡಿಕೊಳ್ಳುವ ಹಾಗಿತ್ತು. “ಅಕ್ಕಾ, ನಿನ್ನ ಬೆನ್ನ ಮ್ಯಾಲ ಹೊತ್ತು ಓಡೀನಿ. ನನ್ನ ಜೈಲಿಗೆ ಹಾಕ್ತೀಯೇನು?”

ಆ ಮಾತು ಅವಳಿಗೆ ನಾಟಿತು. ಬೈಗುಳಕ್ಕಿಂತ, ಬೆದರಿಕೆಗಿಂತ ಹೆಚ್ಚು ನಾಟಿತು. ಅವನ ಬೆನ್ನಿನ ಬಿಸಿ, ಅವನ ಏದುಸಿರು, ‘ಸೈಡ್ ದೋ, ಸೈಡ್ ದೋ’ ಎಂದು ಅವನು ಆಟೋಗಳಿಗೆ ಕೂಗುತ್ತಿದ್ದದ್ದು ಮಂಪರಿನಲ್ಲೂ ಅವಳಿಗೆ ಕೇಳಿತ್ತು. ಅವನಿಗಾಗಿ ಅವಳು ಏನು ಬೇಕಾದರೂ ಮಾಡುತ್ತಿದ್ದಳು. ಅವಳು ಪೈಪನ್ನು ನೋಡಿದಳು. ಕಂಬದ ಕಡೆ ನೋಡಿದಳು. ಆ ಮನುಷ್ಯನ ಉಳಿದ ಒಂದು ಕಣ್ಣು ಅರ್ಧ ತೆರೆದಿತ್ತು. ಅದರಲ್ಲಿ ಅವಳ ಗುರುತು ಹಿಡಿದ ಹಾಗೇನೂ ಇರಲಿಲ್ಲ. ಅವನ ಮೇಲೆ ಅವಳಿಗೆ ಆಗಲೂ ಕನಿಕರ ಹುಟ್ಟಲಿಲ್ಲ. ಹುಟ್ಟಿದ್ದು ಬೇರೆ: ಈ ಕೈ ನನ್ನದು, ಇದನ್ನು ಇವರು ಎರವಲು ಕೇಳುತ್ತಿದ್ದಾರೆ ಎಂಬ ಭಾವನೆ. ಕೊಟ್ಟರೆ ಅದು ಮರಳಿ ಬರುವುದಿಲ್ಲ.

ಎರಡು ಹೆಜ್ಜೆ ಪಕ್ಕಕ್ಕಿಟ್ಟು, ಲಿಫ್ಟಿಗೆಂದು ತೆಗೆದಿದ್ದ ನೀರು ತುಂಬಿದ ಗುಂಡಿಗೆ ಅವಳು ಪೈಪನ್ನು ಎಸೆದುಬಿಟ್ಟಳು.

ಶ್ರೀಮಂತನ ಹೊಡೆತ ಅವಳ ಕೆನ್ನೆಗೆ ಬಿದ್ದದ್ದು ಅದೇ ಕ್ಷಣ. ಅವಳು ಬೀಳಲಿಲ್ಲ. ತಿರುಗಿ ಅವನ ಕೊರಳಪಟ್ಟಿಗೆ ಕೈಹಾಕಿದಳು. ಇಬ್ಬರು ಗಂಡಸರು ಬಂದು ಅವಳ ತೋಳು ಹಿಡಿದರು. ಸಾಯಬಣ್ಣ ನೆಲದ ಮೇಲಿದ್ದ ಸರಳನ್ನು ತಂದು ಅವಳ ಬಲಗೈಗೆ ತುರುಕಿ, ಅದರ ಮೇಲೆ ತನ್ನ ಮುಷ್ಟಿ ಬಿಗಿದು, ಅವಳನ್ನು ಕಂಬದ ಕಡೆ ನೂಕಿದ. “ಹೊಡಿ! ಹೊಡಿಬೇ!” ಗೋಡೆಯ ಬಳಿಯವರೆಲ್ಲ ಈಗ ಕೂಗುತ್ತಿದ್ದರು. ಹೆಂಗಸರೂ ಕೂಗುತ್ತಿದ್ದರು. ಅವಳು ತಲೆ ಬಗ್ಗಿಸಿ ಸಾಯಬಣ್ಣನ ಮುಂಗೈ ಕಚ್ಚಿದಳು. ಬಾಯಿಗೆ ಉಪ್ಪು ರುಚಿ ಬರುವವರೆಗೆ ಬಿಡಲಿಲ್ಲ. ಅವನು ಚೀರಿ ಕೈ ಬಿಟ್ಟ. ಸರಳು ಕೆಳಗೆ ಬಿತ್ತು. ಅದನ್ನು ಎತ್ತಿಕೊಂಡವನು ಶ್ರೀಮಂತ.

ಮೊದಲ ಏಟನ್ನು ಅವಳು ಬಲಗೈ ಅಡ್ಡ ಕೊಟ್ಟು ತಡೆದಳು. ಮುಂಗೈ ಮುರಿದ ಸದ್ದು ಅವಳಿಗೇ ಕೇಳಿಸಿತು, ಹಸಿ ಕಟ್ಟಿಗೆ ಮುರಿದ ಹಾಗೆ. ಎರಡನೆಯದು ಹೆಗಲಿಗೆ. ಮೂರನೆಯದು ಬೆನ್ನಿಗೆ ಬಿದ್ದಾಗ ಅವಳು ಸಿಮೆಂಟು ನೆಲದ ಮೇಲೆ ಮಕಾಡೆ ಬಿದ್ದಿದ್ದಳು. ಬಾಯಲ್ಲಿ ಧೂಳು, ರಕ್ತ. “ಹೊಡೀತೀಯೋ ಇಲ್ಲೋ? ಹೊಡೀತೀಯೋ ಇಲ್ಲೋ?” ಶ್ರೀಮಂತ ಅಳುತ್ತಿದ್ದ. ನಿಜವಾಗಿಯೂ ಅಳುತ್ತಿದ್ದ, ಕಣ್ಣೀರು ಸುರಿಸುತ್ತಲೇ ಒದೆಯುತ್ತಿದ್ದ.

“ಇಲ್ಲ,” ಎನ್ನುತ್ತಿದ್ದಳು ಅವಳು. ಪ್ರತಿ ಸಲವೂ ಅಷ್ಟೇ. ಬೈಯುವುದಕ್ಕೆ ಉಸಿರಿರಲಿಲ್ಲ.

ಗುರುಪಾದ ತನ್ನ ಜಾಗದಲ್ಲೇ ನಿಂತಿದ್ದ. ಅವನ ಕೈಗಳು ಎದೆಯ ಮಟ್ಟಕ್ಕೆ ಏರಿ ಅಲ್ಲೇ ಗಾಳಿಯಲ್ಲಿ ನಿಂತುಬಿಟ್ಟಿದ್ದವು.

ಆಗ ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದವರ ಪೈಕಿ ಕಾಶಪ್ಪ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ. ವಯಸ್ಸಾದವನು, ಗಾರೆ ಕಲೆಸುವವನು. ಮುಕಾದಮನ ಎದುರು ಬೀಡಿಯನ್ನೂ ಮುಚ್ಚಿಡುತ್ತಿದ್ದವನು. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನೆಲ ನೋಡುತ್ತ, “ನನಗೂ ಆಗಂಗಿಲ್ಲಪಾ,” ಎಂದ.

ಶ್ರೀಮಂತ ತಿರುಗಿದ. “ಏನಂದಿ?”

“ನನಗೂ ಆಗಂಗಿಲ್ಲ. ನನ್ನೂ ಹೊಡಿ ಬೇಕಾದ್ರ.”

ಗುರುಬಾಯಿ ಅವನ ಪಕ್ಕದಲ್ಲಿ ಕೂತಳು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವಳ ಹಿಂದಿದ್ದ ಇನ್ನೂ ಕೆಲವರು ಕೂತರು. ಗೋಡೆಯ ಬಳಿಯ ಕೂಗು ಒಮ್ಮೆಗೇ ತೆಳ್ಳಗಾಯಿತು. ಹೊಡೆದಾಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಾವು ಮಾಡಿದ್ದನ್ನು ಮಾಡದೆಯೂ ಇರಬಹುದಿತ್ತು ಎಂಬುದು ಅವರಿಗೆ ಕಂಡದ್ದು ಆಗಲೇ ಇರಬೇಕು. ಅದಕ್ಕೇ ಏನೋ, ಅವರಲ್ಲಿ ಒಬ್ಬಿಬ್ಬರು ಕೂತವರ ಮೇಲೆಯೇ ಏರಿಹೋಗಿ ಒದ್ದರು. ಕಾಶಪ್ಪನ ತುಟಿ ಹರಿಯಿತು. ಆದರೆ ಯಾರೂ ಏಳಲಿಲ್ಲ. ಶ್ರೀಮಂತ ಸರಳು ಹಿಡಿದು ಮಧ್ಯದಲ್ಲಿ ಒಬ್ಬನೇ ನಿಂತ. ಸ್ವಲ್ಪ ಹೊತ್ತಿಗೆ ಅದು ಅವನ ಕೈಯಿಂದ ತಾನಾಗಿ ಜಾರಿತು. ಅವನು ಗೇಟು ತೆಗೆಸಿಕೊಂಡು ಹೊರಗೆ ಹೋದ.

ರುಕ್ಮಿಣಿಬಾಯಿ ತೆವಳುತ್ತ ಕಂಬದ ಬಳಿ ಹೋದಳು. ಎಡಗೈಯಿಂದ ತಂತಿ ಬಿಚ್ಚಲು ನೋಡಿದಳು. ಅದು ಮಾಂಸದೊಳಗೆ ಹೂತಿತ್ತು. ಕಾಶಪ್ಪ ಇಕ್ಕಳ ತಂದು ಕತ್ತರಿಸಿದ. ಬಿಚ್ಚಿದೊಡನೆ ಆ ಮನುಷ್ಯ ಅವಳ ಮೈಮೇಲೆ ಕುಸಿದು, ಅವಳ ಮಡಿಲಿನಲ್ಲಿ ರಕ್ತ ಕಾರಿಕೊಂಡ. ಇಬ್ಬರೂ ಸೇರಿ ಅವನನ್ನು ಎಳೆದುಕೊಂಡು ರಸ್ತೆಗೆ ಬಂದರು. ಆಟೋದವರು ನೋಡಿ ವೇಗ ಹೆಚ್ಚಿಸಿಕೊಂಡು ಹೋದರು. ಕೊನೆಗೆ ಅವಳು ನಡುರಸ್ತೆಯಲ್ಲಿ, ಮುರಿದ ಕೈ ನೇತಾಡಿಸಿಕೊಂಡು, ಒಂದು ಟೆಂಪೋದ ಎದುರು ಅಲುಗಾಡದೆ ನಿಂತಳು. ಅದು ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರ ಬಂದು ನಿಂತಿತು.

ಆಸ್ಪತ್ರೆಯಲ್ಲಿ ಅವನು ಕೆಲವು ದಿನ ಬದುಕಿದ್ದ. ಹೆಸರು ಸೋಮನಾಥ ಎಂದು ತಿಳಿದದ್ದು ಅಲ್ಲಿಗೆ ಬಂದ ಅವನ ಅಕ್ಕನಿಂದ. ಕಲ್ಯಾಣದ ಕಡೆ ಮನೆಗೆಲಸ ಮಾಡುವ ಹೆಂಗಸು. ತಮ್ಮನನ್ನು ಕರೆತಂದವಳು ಈಕೆಯೇ ಎಂದು ಯಾರೋ ತೋರಿಸಿದಾಗ ಅವಳು ಬಂದು ರುಕ್ಮಿಣಿಬಾಯಿಯ ಕಾಲು ಮುಟ್ಟಲು ಬಗ್ಗಿದಳು.

ರುಕ್ಮಿಣಿಬಾಯಿ ಕಾಲು ಹಿಂದಕ್ಕೆಳೆದುಕೊಂಡಳು. ತನಗೆ ಬರುವಷ್ಟು ಹಿಂದಿಯಲ್ಲಿ, “ಪೆಹಲೇ ಮೈಂನೇ ಮಾರಾ. ಪಕಡಾ ಭೀ ಮೈಂನೇ,” ಎಂದಳು; ಮೊದಲು ಹೊಡೆದವಳೂ ಹಿಡಿದವಳೂ ತಾನೇ ಎಂದು.

ಅಕ್ಕ ನೆಟ್ಟಗಾದಳು. ಒಂದು ಗಳಿಗೆ ನೋಡಿ, ಕೈ ಬೀಸಿ ಕೆನ್ನೆಗೆ ಹೊಡೆದಳು; ಶ್ರೀಮಂತ ಹೊಡೆದು ಊದಿದ್ದ ಅದೇ ಕೆನ್ನೆಗೆ. ನರ್ಸು ಓಡಿಬಂದು ಅವಳನ್ನು ಎಳೆದುಕೊಂಡು ಹೋದಳು. ರುಕ್ಮಿಣಿಬಾಯಿ ಪ್ಲಾಸ್ಟರಿನ ಕೈ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತೇ ಇದ್ದಳು. ಆ ಹೊಡೆತ ಯಾರೋ ಹೇಳಿ ಹೊಡೆಸಿದ್ದಲ್ಲ, ಹೊಡೆದವಳದೇ ಆಗಿತ್ತು, ಅದರಲ್ಲಿ ತಕರಾರಿಗೆ ಜಾಗವಿರಲಿಲ್ಲ.

ಸೋಮನಾಥ ಸತ್ತ ಮೇಲೆ ಕೊಲೆ ಕೇಸಾಯಿತು. ಅವಳು ಹೇಳಿಕೆ ಕೊಡಬೇಕಾದ ಹಿಂದಿನ ದಿನದವರೆಗೂ ಜನ ಅವಳ ಬಳಿ ಬರುತ್ತಲೇ ಇದ್ದರು. ಊರಿನವರು, ನೆಂಟರು, ಧಾರಾವಿಯಿಂದ ಅವಳ ಸ್ವಂತ ಅಣ್ಣ ಚಂದ್ರಾಮ. ಶ್ರೀಮಂತನ ಹೆಸರು ಹೇಳು, ಬೇಡ ಎನ್ನುವುದಿಲ್ಲ. ಆದರೆ ಗಂಡನ ಹೆಸರು ಯಾಕೆ? ಅವನು ಹೊಡೆದದ್ದು ಹೆದರಿ. ಅದೂ ಒಂದೋ ಎರಡೋ. ಬಿಟ್ಟುಬಿಡು. ಎಲ್ಲರೂ ಹೇಳಿದ್ದು ಇದನ್ನೇ, ಒಬ್ಬರಿಗೊಬ್ಬರು ಕಲಿಸಿಕೊಟ್ಟ ಹಾಗೆ. ಕೊನೆಗೆ ಚಂದ್ರಾಮ ಫೋನು ಹಚ್ಚಿ ಅವಳ ಕಿವಿಗಿಟ್ಟ. ಅತ್ತ ಕಡೆ ಶೈಲಾ.

“ಯವ್ವಾ, ಅಪ್ಪನ ಹೆಸರು ಹೇಳಿದ್ರ ನಾ ನಿನ್ನ ಮಾರಿ ನೋಡಂಗಿಲ್ಲ. ಹುಟ್ಟಿದ ಕೂಸಿಗೆ ಅಜ್ಜ ಜೈಲಿನ್ಯಾಗ ಅದಾನ ಅಂತ ಹೇಳ್ಲೇನು?”

ಹಿಂದಿನಿಂದ ಎಳೆಗೂಸಿನ ಅಳು ಕೇಳಿತು. ಮೊಮ್ಮಗು ಹುಟ್ಟಿದ ಸುದ್ದಿ ಅವಳಿಗೆ ಸಿಕ್ಕಿದ್ದು ಹಾಗೆ.

“ಗಂಡೋ ಹೆಣ್ಣೋ?” ಎಂದು ಕೇಳಿದಳು. ಶೈಲಾ ಫೋನು ಇಟ್ಟಳು.

ಮರುದಿನ ಠಾಣೆಯಲ್ಲಿ ಅವಳು ಕಂಡದ್ದನ್ನೆಲ್ಲ ಹೇಳಿದಳು. ತಾನು ಹೊಡೆದದ್ದರಿಂದ ಶುರುಮಾಡಿದಳು. ಗುರುಪಾದನ ಹೆಸರು ಬಂದಾಗ ಬರೆದುಕೊಳ್ಳುತ್ತಿದ್ದ ಅಧಿಕಾರಿಯೇ ಪೆನ್ನು ನಿಲ್ಲಿಸಿ, “ತೇರಾ ಆದ್ಮೀ ಹೈ ನಾ?” ಎಂದು, ಅವನು ಅವಳ ಗಂಡ ಎಂಬುದನ್ನು ನೆನಪಿಸಿದ. “ಹಾಂ,” ಎಂದಳು. ಪಕ್ಕದ ಕೋಣೆಯಲ್ಲಿ ಗುರುಪಾದನನ್ನು ಕೇಳಿದಾಗ ಅವನೂ ಹೌದು ಎಂದನಂತೆ. ಅವಳ ಹೆಸರನ್ನೂ ಮೊದಲು ಆರೋಪಿಗಳ ಜೊತೆ ಸೇರಿಸಿದ್ದರು. ಆಮೇಲೆ ಸಾಕ್ಷಿ ಎಂದು ಬೇರೆ ಮಾಡಿದರು.

ಹಿಂದಿರುಗಿದಾಗ ಸೈಟಿನ ಶೆಡ್ಡಿನಲ್ಲಿ ಅವಳ ಪಾತ್ರೆಪಗಡ ಓಣಿಗೆ ಬಿದ್ದಿದ್ದವು. ಗುರುಬಾಯಿ ಅವನ್ನು ಆಯ್ದು ಚೀಲಕ್ಕೆ ತುಂಬಿ ಕೊಟ್ಟಳು. ಅಣ್ಣ ಬಾಗಿಲು ಮುಚ್ಚಿದ. ಅವಳು ಧಾರಾವಿಯಲ್ಲೇ, ಅಣ್ಣನ ಓಣಿಯಿಂದ ದೂರದ ಇನ್ನೊಂದು ಮೂಲೆಯಲ್ಲಿ, ಹಳೆಯ ಪ್ಲಾಸ್ಟಿಕ್ ಆರಿಸುವ ಕಾರ್ಖಾನೆಯ ಮಾಳಿಗೆಯ ಮೇಲೆ ಒಂದು ಖೋಲಿ ಹಿಡಿದಳು. ಬಲಗೈ ವಾರೆಯಾಗಿ ಕೂಡಿಕೊಂಡಿತ್ತು. ಎಡಗೈಯಲ್ಲಿ ಬಾಟಲಿಯ ಬಿರಟೆ ಬೇರೆ, ಡಬ್ಬಿ ಬೇರೆ ಮಾಡುವುದನ್ನು ಕಲಿತಳು. ಅವಳ ಕಥೆ ಅಲ್ಲಿಗೂ ಬಂದಿತ್ತು. ಬಿಡುವಿನಲ್ಲಿ ಹೆಂಗಸರು ಕೇಳುತ್ತಿದ್ದರು: ‘ಎಲ್ಲಾರೂ ಹೊಡದ್ರಂತ. ನೀ ಯಾಕ ಹೊಡೀಲಿಲ್ಲ?’ ವಕೀಲರೂ ಕೇಳಿದ್ದರು. ಅವಳು ಒಬ್ಬೊಬ್ಬರಿಗೆ ಒಂದೊಂದು ಹೇಳಿ ಬೇಸತ್ತು, ಕೊನೆಗೆ ಕೇಳಿದವರನ್ನು ಬೈಯತೊಡಗಿದಳು.

ಬಹಳ ತಿಂಗಳ ಮೇಲೆ ಗುರುಪಾದನಿಗೆ ಜಾಮೀನು ಸಿಕ್ಕಿತು. ಒಂದು ಸಂಜೆ ಅವನು ಖೋಲಿಯ ಏಣಿ ಹತ್ತಿ ಬಂದು ಬಾಗಿಲ ಬಳಿ ನಿಂತ. ಕೂದಲು ನೆರೆತಿತ್ತು. ಎಲ್ಲಿಗೆ ಹೋಗಬೇಕೆಂದು ಯಾರೂ ಹೇಳಿರಲಿಲ್ಲ, ಅದಕ್ಕೇ ಬಂದಿರಬೇಕು ಎಂದುಕೊಂಡಳು ಅವಳು. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಅವನು ಹೊಸ್ತಿಲಲ್ಲಿ ಕೂತ. ಅವಳು ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

“ಒಳಗ ಎಲ್ಲಾರೂ ನನ್ನ ಕೇಳ್ತಿದ್ರು,” ಎಂದ ಅವನು. “ನಿನ್ನ ಹೆಂಡ್ತಿ ಯಾಕ ಹೊಡೀಲಿಲ್ಲ ಅಂತ. ಏನ್ ಹೇಳಬೇಕು ನನಗ ತಿಳೀಲಿಲ್ಲ.”

ಅವಳ ಕೈ ನಿಂತಿತು.

“ಎಲ್ಲಾರೂ ನನ್ನೇ ಕೇಳ್ತಾರ,” ಎಂದಳು. “ಹೊಡದವರಿಗೆ ಯಾಕ ಹೊಡದ್ರಿ ಅಂತ ಒಬ್ಬರೂ ಕೇಳಂಗಿಲ್ಲ. ನಾ ಕೇಳ್ತೀನಿ. ನೀವು ಯಾಕ ಹೊಡದ್ರಿ? ನಿಮ್ಮ ಮೊಬೈಲ್ ಹೋಗಿರಲಿಲ್ಲ. ಅಂವ ನಿಮಗ ಬೈದಿರಲಿಲ್ಲ. ಎರಡನೇದು ಅಷ್ಟು ಜೋರು ಯಾಕ ಹೊಡದ್ರಿ?”

ಅವನು ಯೋಚಿಸಿದ. ತಪ್ಪಿಸಿಕೊಳ್ಳಲು ಅಲ್ಲ, ನಿಜಕ್ಕೂ ಹುಡುಕುತ್ತಿದ್ದ. ಕೆಳಗಿನ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ ಪುಡಿ ಮಾಡುವ ಯಂತ್ರ ಶುರುವಾಗಿ ಹಲಗೆಯ ನೆಲವೆಲ್ಲ ನಡುಗಿತು. ಅದು ನಿಲ್ಲುವವರೆಗೂ ಅವನು ಹುಡುಕಿದ.

“ನನ್ನ ಪಾಳಿ ಬಂತು,” ಎಂದ. “ಅಷ್ಟ. ಬ್ಯಾರೆ ಏನೂ ನೆನಪಿಲ್ಲ.”

ಆಮೇಲೆ ಅವನ ಭುಜಗಳು ಅಲುಗತೊಡಗಿದವು. ಅವನು ಅಳುವುದನ್ನು ಅವಳು ಆ ತನಕ ಕಂಡಿರಲಿಲ್ಲ. ಸಮಾಧಾನ ಮಾಡಲು ಅವಳಿಂದಾಗಲಿಲ್ಲ, ಮಾಡಬೇಕೆಂದು ಅನಿಸಲೂ ಇಲ್ಲ. ರೊಟ್ಟಿ ಹೊತ್ತಿ ಹೊಗೆ ಎದ್ದಾಗ ತವೆಯಿಂದ ತೆಗೆದು, ಕಪ್ಪಾದ ಅಂಚನ್ನು ಮುರಿದು ಹಾಕಿ, ಉಳಿದದ್ದನ್ನು ತಾಟಿನಲ್ಲಿಟ್ಟು ಅವನ ಕಡೆ ಸರಿಸಿದಳು.

“ಉಂಡು ಹೋಗ್ರಿ,” ಎಂದಳು. ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಳ್ಳುತ್ತ, “ನಾಳೆ ಏನ್ ಮಾಡಬೇಕಂತ ನನ್ನ ಕೇಳಬ್ಯಾಡ್ರಿ,” ಎಂದಳು.